ಜೀಪಿನ ಮೂರನೇ ಜನ್ಮ

2023ರ ಏಪ್ರಿಲ್ 1ರಿಂದ ದೇಶದಲ್ಲಿ ಒಂದು ನಿಯಮ ಜಾರಿಗೆ ಬಂತು. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದು. ಸೈನ್ಯದ ಮತ್ತು ಕಾನೂನು ಸುವ್ಯವಸ್ಥೆಯ ವಿಶೇಷ ವಾಹನ ಬಿಟ್ಟರೆ ಉಳಿದವೆಲ್ಲ ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಹೊಗೆಯ ಲೆಕ್ಕ ಹಾಕಿದರೆ ಸರಿಯಾದ ನಿಯಮವೇ, ತಕರಾರಿಲ್ಲ. ಆದರೆ ಇದರಿಂದ ಸದ್ದಿಲ್ಲದೆ ಒಂದು ದಾರಿ ಮುಚ್ಚಿತು. ಇಲಾಖೆಯ ಹಳೇ ಜೀಪು ಹರಾಜಿಗೆ ಬಂದು, ಹಳ್ಳಿಯ ಯಾರದೋ ಅಂಗಳ ಸೇರುತ್ತಿದ್ದ ದಾರಿ ಅದು. ನಮ್ಮ ಧಾರವಾಡ ಸೀಮೆಯ ಎಷ್ಟೋ ಊರುಗಳಿಗೆ ಟ್ರ್ಯಾಕ್ಟರ್ ಬಿಟ್ಟರೆ ಮೊದಲ ನಾಲ್ಕು ಚಕ್ರದ ಗಾಡಿ ಬಂದಿದ್ದು ಹಂಗೇ.

ಆ ಜೀಪಿನ ಚರಿತ್ರೆ ತಿಳಿಯೋಕೆ ನಾನು ಹಿಡಿದ ದಾರಿ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಅದರ ಹತ್ತರಲ್ಲಿ ಒಂದು ಅಳತೆಯ, ರಿಮೋಟಿನಲ್ಲಿ ಓಡುವ ಮಾದರಿ ಕಟ್ಟೋದು. ಹವ್ಯಾಸಿಗಳು ಇದನ್ನ ಸ್ಕೇಲ್ ಆರ್‌ಸಿ ಅಂತಾರೆ. ಜಾತ್ರೆಯಲ್ಲಿ ಸಿಗುವ ರಿಮೋಟ್ ಕಾರಿನ ಮೈಯಷ್ಟೇ ಕಾರು, ಒಳಗೆ ಬರೀ ಪ್ಲಾಸ್ಟಿಕ್ ಡಬ್ಬಿ. ಇದರಲ್ಲಿ ಹಂಗಲ್ಲ. ಚಾಸಿ, ಗೇರ್ ಬಾಕ್ಸ್, ಹಿಂದು ಮುಂದಿನ ಆಕ್ಸಲ್, ನಾಲ್ಕೂ ಚಕ್ರಕ್ಕೆ ಬಲ ಒಯ್ಯುವ ರಾಡು, ನಮ್ಮ ಮೆಕ್ಯಾನಿಕ್ಕುಗಳು ಪಾಟಾ ಅನ್ನುವ ಕಮಾನು ಪಟ್ಟಿ, ಎಲ್ಲಾ ದೊಡ್ಡ ಗಾಡಿಯಲ್ಲಿ ಇದ್ದಂಗೇ ಇರಬೇಕು. ವೇಗ ಮುಖ್ಯ ಅಲ್ಲ. ಕಲ್ಲು ಹತ್ತಬೇಕು, ಕೆಸರು ದಾಟಬೇಕು.

ಇದನ್ನ ಪರದೇಶದ ಶೋಕಿ ಅಂತ ತಳ್ಳಿಹಾಕಬೇಡಿ. ಮಣ್ಣೆತ್ತಿನ ಅಮವಾಸ್ಯೆಗೆ ಎರಿ ಮಣ್ಣು ತಂದು ಜೋಡೆತ್ತು ಮಾಡಿ ಪೂಜಿಸುವವರು ನಾವು. ಜೋಳದ ರಾಶಿ ಮುಗಿದ ಮೇಲೆ ಒಣ ದಂಟಿನ ಸಿಬರು ಬೇರೆ, ಬೆಂಡು ಬೇರೆ ಮಾಡಿ, ಮುಳ್ಳು ಚುಚ್ಚಿ ಜೋಡಿಸಿ ಚಕ್ಕಡಿ ಕಟ್ಟುತ್ತಿದ್ದೆವು. ನೊಗ ಎಲ್ಲಿ ಬರ್ತದೆ, ಗಾಲಿ ಕಳಚದಂಗೆ ಕೀಲು ಎಲ್ಲಿ ಹಾಕ್ತಾರೆ ಅಂತ ಹಳ್ಳಿ ಹುಡುಗರಿಗೆ ಯಾವ ಮಾಸ್ತರೂ ಕಲಿಸಲಿಲ್ಲ. ಸಣ್ಣದು ಕಟ್ಟುತ್ತಾ ಕಟ್ಟುತ್ತಾ ದೊಡ್ಡದು ತಿಳಿಯಿತು.

ರಿಮೋಟಿನ ಕಥೆಯೂ ನಾವು ತಿಳಿದದ್ದಕ್ಕಿಂತ ಹಳೇದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿಯೊಳಗೆ ಒಂದು ಸಣ್ಣ ದೋಣಿ ಬಿಟ್ಟು, ದೂರದಿಂದಲೇ ರೇಡಿಯೋ ತರಂಗದಿಂದ ಅದನ್ನ ನಡೆಸಿ ತೋರಿಸಿದ. ಅದು ಮನೆಯಂಗಳದ ಹವ್ಯಾಸ ಆಗೋದಕ್ಕೆ ದಶಕಗಳೇ ಬೇಕಾದವು. ಜಪಾನಿನ ಶಿಜುವೋಕಾದ ತಮಿಯಾ ಕಂಪನಿಯ ಶುನ್‌ಸಾಕು ತಮಿಯಾ, ಪೋರ್ಷೆ 934ರ ಮಾದರಿ ಕರಾರುವಾಕ್ಕಾಗಿ ಬರಬೇಕು ಅಂತ ನಿಜವಾದ ಪೋರ್ಷೆ 911 ಕಾರೊಂದನ್ನ ಕೊಂಡು ಪೂರ್ತಿ ಬಿಚ್ಚಿ ನೋಡಿದರು. 1976ರಲ್ಲಿ ಅದೇ ಮಾದರಿಗೆ ಮೋಟಾರು, ರೇಡಿಯೋ ಕೂಡಿಸಿ ಮಾರಿದರು. 1981ರಲ್ಲಿ ಬಂದ ಅವರ ಟೊಯೋಟಾ ಹೈಲಕ್ಸ್ ಪಿಕಪ್ಪಿಗೆ ಲೋಹದ ಚಾಸಿ, ಕಮಾನು ಪಟ್ಟಿ, ರಿಮೋಟಿನಿಂದಲೇ ಬದಲಿಸುವ ಮೂರು ಗೇರು ಇದ್ದವು. ಇವತ್ತಿನ ಸ್ಕೇಲ್ ಟ್ರಕ್ಕುಗಳಿಗೆಲ್ಲ ಹಿರಿಯಣ್ಣ ಅಂದ್ರೆ ಅದೇ. ನಮ್ಮಲ್ಲಿ 2.4 ಗಿಗಾಹರ್ಟ್ಸ್ ತರಂಗವನ್ನ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿದ್ದು 2005ರಲ್ಲಿ. ಮನೆಯ ವೈಫೈ ಓಡೋದೂ, ನನ್ನ ಜೀಪು ಓಡೋದೂ ಅದೇ ಗಾಳಿಯಲ್ಲಿ.

ಈಗ ಅಸಲಿ ಗಾಡಿಗೆ ಬರೋಣ. 1940ರ ಜುಲೈನಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿ ಬೇಕು, ಮೊದಲ ನಮೂನೆ 49 ದಿನದಲ್ಲಿ ಆಗಬೇಕು ಅಂತ ಕೇಳಿತು. ಮುಂದೆ ಬಂದದ್ದು ಬ್ಯಾಂಟಮ್ ಮತ್ತು ವಿಲ್ಲಿಸ್, ಎರಡೇ. ಬ್ಯಾಂಟಮ್‌ಗಾಗಿ ಕಾರ್ಲ್ ಪ್ರೋಬ್ಸ್ಟ್ ನಕ್ಷೆ ಹಾಕಿದ ಗಾಡಿ ಸೆಪ್ಟೆಂಬರ್ 23ಕ್ಕೆ ಹೋಲಾಬರ್ಡ್ ಶಿಬಿರಕ್ಕೆ ಬಂದು ನಿಂತಿತು. ಆಮೇಲೆ ವಿಲ್ಲಿಸ್ ಕಂಪನಿಯ ಬಾರ್ನಿ ರೂಸ್ ಎಂಬ ಎಂಜಿನಿಯರ್ 60 ಅಶ್ವಶಕ್ತಿಯ ಗಟ್ಟಿ ಎಂಜಿನ್ ಕೂಡಿಸಿದ. ಆದರೆ ತೂಕ ಜಾಸ್ತಿಯಾಯಿತು, ಸೈನ್ಯದ ಮಿತಿ 2,160 ಪೌಂಡ್, ಅಂದ್ರೆ ಸುಮಾರು 980 ಕಿಲೋ. ಎಂಜಿನ್ ಬಿಟ್ಟುಕೊಡೋಕೆ ಮನಸ್ಸಿಲ್ಲ. ಗಾಡಿ ಪೂರ್ತಿ ಬಿಚ್ಚಿ, ಒಂದೊಂದೇ ಭಾಗ ತೂಗಿ, ಉದ್ದ ಇದ್ದ ಬೋಲ್ಟುಗಳ ತುದಿಯನ್ನೂ ಕತ್ತರಿಸಿ ಮಿತಿಯೊಳಗೆ ತಂದ. ಎರಡನೇ ಸಲ ಬಣ್ಣ ಬಳಿದರೆ ತೂಕ ಮೀರುತ್ತೆ ಅನ್ನೋ ಸ್ಥಿತಿ ಇತ್ತಂತೆ. ಯುದ್ಧ ಮುಗಿಯೋದರೊಳಗೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಇದು ಮೊದಲ ಜನ್ಮ, ಸೈನ್ಯದ್ದು.

ಎರಡನೆಯದು ಸರ್ಕಾರಿ ನೌಕರಿ. 1945ರಲ್ಲಿ ಲೂಧಿಯಾನದಲ್ಲಿ ಮಹೀಂದ್ರಾ ಅಂಡ್ ಮೊಹಮ್ಮದ್ ಅಂತ ಕಂಪನಿ ಶುರುವಾಯಿತು. ಪಾಲುದಾರ ಗುಲಾಮ್ ಮೊಹಮ್ಮದ್ ವಿಭಜನೆಯಾದ ಮೇಲೆ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು, ಕಂಪನಿ 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಕೆ.ಸಿ. ಮಹೀಂದ್ರಾ ಅಮೆರಿಕದಲ್ಲಿದ್ದಾಗ ಇದೇ ಬಾರ್ನಿ ರೂಸ್‌ನ ಭೇಟಿಯಾದದ್ದೇ ಜೀಪು ಭಾರತಕ್ಕೆ ಬರೋಕೆ ಕಾರಣ ಅಂತ ಕಂಪನಿಯೇ ಹೇಳಿಕೊಳ್ಳುತ್ತೆ. ಮುಂಬಯಿಯಲ್ಲಿ ಬಿಡಿಭಾಗ ಜೋಡಿಸೋದರಿಂದ ಶುರುವಾದ ಕೆಲಸ ಆಮೇಲೆ ಪೂರ್ತಿ ಇಲ್ಲೇ ತಯಾರಿಸುವವರೆಗೆ ಬೆಳೆಯಿತು.

ನಾವು ನೀವು ನೋಡಿದ ಜೀಪಿನ ಬಾನೆಟ್ಟು ಸಿನಿಮಾದ ಯುದ್ಧದ ಜೀಪಿಗಿಂತ ಎತ್ತರ, ಗಮನಿಸಿದ್ದೀರಾ? ಅದಕ್ಕೂ ಕಾರಣ ಇದೆ. 1953ರಲ್ಲಿ ವಿಲ್ಲಿಸ್ ಕಂಪನಿ ಸಿಜೆ-3ಬಿ ಅನ್ನೋ ಮಾದರಿಗೆ ಹರಿಕೇನ್ ಎಂಬ ಹೊಸ ಎಂಜಿನ್ ಹಾಕಿತು. ಅದರಲ್ಲಿ ಒಳಬರುವ ಗಾಳಿಯ ವಾಲ್ವುಗಳು ಎಂಜಿನ್ನಿನ ತಲೆಯ ಮೇಲಿದ್ದವು, ಹಂಗಾಗಿ ಎಂಜಿನ್ನೇ ಎತ್ತರ. ಬಾನೆಟ್ಟು ಎತ್ತದೆ ಬೇರೆ ದಾರಿ ಇರಲಿಲ್ಲ. ಅಮೆರಿಕದಲ್ಲಿ ಆ ಮಾದರಿ 1968ಕ್ಕೆ ನಿಂತುಹೋಯಿತು. ನಮ್ಮಲ್ಲಿ ಆ ಎತ್ತರದ ಮೂತಿ ಅದಾದ ಮೇಲೂ ದಶಕಗಟ್ಟಲೆ ಉಳಿಯಿತು. ತಹಶೀಲ್ದಾರರು, ಅರಣ್ಯ ಇಲಾಖೆ, ನೀರಾವರಿ, ಪೊಲೀಸ್, ಎಲ್ಲರಿಗೂ ಅದೇ. ಹಳ್ಳಿಯಲ್ಲಿ ಜೀಪಿನ ಸದ್ದು ಕೇಳಿದರೆ ಸರ್ಕಾರ ಬಂತು ಅಂತಲೇ ಅರ್ಥ.

ಈ ಎರಡು ಜನ್ಮಗಳ ಬಗ್ಗೆ ಪುಸ್ತಕ ಇವೆ, ನಕ್ಷೆ ಇವೆ. 1941ರ ಸೈನ್ಯದ ಜೀಪಿನ ಆರ್‌ಸಿ ಮಾದರಿ ಡಬ್ಬಿಯಲ್ಲೇ ಸಿಗ್ತದೆ. ಹರಾಜಿನಲ್ಲಿ ಹಳ್ಳಿಗೆ ಬಂದ ಮೂರನೇ ಜನ್ಮದ್ದು ಮಾತ್ರ ಒಂದು ಹಾಳೆಯೂ ಇಲ್ಲ. ಅದನ್ನ ತಿದ್ದಿದವರು ಬಡಿಗ, ಕಮ್ಮಾರ, ವೆಲ್ಡಿಂಗ್ ಅಂಗಡಿಯವರು. ಅವರು ನಕ್ಷೆ ಬರೆದವರಲ್ಲ.

ನಮ್ಮೂರಲ್ಲಿ ಅಂಥದ್ದೊಂದು ಜೀಪು ಕಾಕಾ ಒಬ್ಬರ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ನಿಂತಿತ್ತು. ನಾನು ಟೇಪು, ವರ್ನಿಯರ್ ಕ್ಯಾಲಿಪರ್ ಹಿಡಿದು ಹೋದಾಗ ಅವರು ನಕ್ಕರು. "ಅಲ್ಲೋ ತಮ್ಮಾ, ಇದನ್ನ ಅಳದು ಏನ್ ಮಾಡ್ತಿ? ತೂಗೋ ಗಿರಾಕಿ ಬರೋ ವಾರ ಬರಾವ ಅದಾನ." ಹಂಗಾಗಿ ಕೈಯಲ್ಲಿದ್ದದ್ದು ಒಂದು ಶನಿವಾರ, ಒಂದು ಭಾನುವಾರ.

ಮೊದಲ ಅಳತೆಯೇ ಖುಷಿ ಕೊಟ್ಟಿತು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 203 ಸೆಂಟಿಮೀಟರ್, ಅಂದ್ರೆ 80 ಇಂಚು. ಯುದ್ಧಕಾಲದ ಜೀಪಿನದೂ ಅಷ್ಟೇ. ನನ್ನ ಮಾದರಿಯಲ್ಲಿ ಅದು 20.3 ಸೆಂಟಿಮೀಟರ್. ಮುಂದಿನ ಗಾಜಿನ ಚೌಕಟ್ಟಿನ ಬುಡದಲ್ಲಿ ಕೀಲುಗಳಿದ್ದವು. ಸೈನ್ಯದ ಕಾಲದಲ್ಲಿ ಗಾಜನ್ನ ಬಾನೆಟ್ಟಿನ ಮೇಲೆ ಮಲಗಿಸೋಕೆ ಮಾಡಿದ ಏರ್ಪಾಡು ಅದು. ಈ ಜೀಪಿನಲ್ಲಿ ಕಬ್ಬಿಣದ ಪೈಪಿನ ಚೌಕಟ್ಟು ಬೆಸೆದು ತಾಡಪತ್ರಿ ಹೊದಿಸಿದ್ದರಿಂದ ಗಾಜು ಮಲಗೋದು ಸಾಧ್ಯವೇ ಇಲ್ಲ, ಆದರೂ ಕೀಲು ಹಂಗೇ ಉಳಿದಿತ್ತು. ಮೂಲ ಪೆಟ್ರೋಲ್ ಎಂಜಿನ್ ಯಾವಾಗಲೋ ಹೋಗಿ ಡೀಸೆಲ್ ಎಂಜಿನ್ ಕೂತಿತ್ತು. ಮಹೀಂದ್ರಾದವರು 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಟ್ರ್ಯಾಕ್ಟರ್ ಕಂಪನಿ ಮಾಡಿದರು, ಆ ಟ್ರ್ಯಾಕ್ಟರಿನ ಬಳಗದ ಡೀಸೆಲ್ ಎಂಜಿನ್ ಜೀಪಿಗೂ ಬಂತು. ಟ್ರ್ಯಾಕ್ಟರ್ ರಿಪೇರಿ ಬಲ್ಲವನಿಗೆ ಜೀಪೂ ಬರುತ್ತಿದ್ದದ್ದು ಅದಕ್ಕೇ.

ಗೊಂದಲ ಆದದ್ದು ಹಿಂಭಾಗದಲ್ಲಿ. ಚಾಸಿಯ ತುದಿಗೆ ಕೋನಪಟ್ಟಿ ಬೆಸೆದು ಮೈಯನ್ನ ಎರಡು ಅಡಿ ಹಿಂದಕ್ಕೆ ಬೆಳೆಸಿದ್ದರು. ಹಿಂದಿನ ಪಾಟಾ ಕಟ್ಟಿನಲ್ಲಿ ಬೇರೆ ಗಾಡಿಯ ಎರಡು ಪಟ್ಟಿ ಹೆಚ್ಚಿಗೆ ತುರುಕಿದ್ದರು. ಜಾಸ್ತಿ ಜನ ಕೂರಿಸೋಕೆ ಮಾಡಿರಬೇಕು ಅಂತ ಬರಕೊಂಡು, ಎರಡನ್ನೂ ಹಂಗೇ ಮಾದರಿಗೆ ಇಳಿಸಿದೆ.

ಆಕ್ಸಲ್ ಕೊಳವೆಯನ್ನ ಹುಬ್ಬಳ್ಳಿಯ ಗೋಕುಲ ರೋಡಿನ ಕಡೆಯ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಅದು, ಕಂಪನಿ ಮುಚ್ಚಿದ ಮೇಲೂ ದುಡಿಯುತ್ತಿದೆ. ಪಾಟಾ ಮಾತ್ರ ಅಷ್ಟು ಸಲೀಸಲ್ಲ. ಎಲ್ಲಾ ಅಳತೆಯನ್ನ ಹತ್ತನೇ ಒಂದಕ್ಕೆ ಇಳಿಸಿದರೆ ತೂಕ ಸಾವಿರದಲ್ಲಿ ಒಂದು ಆಗುತ್ತೆ, ಅಗಲ ಉದ್ದ ದಪ್ಪ ಮೂರೂ ಕಡಿಮೆಯಾಗೋದರಿಂದ. ಉಕ್ಕಿನ ಪಟ್ಟಿಯ ಗಡಸುತನ ಇಳಿಯೋದು ಹತ್ತನೇ ಒಂದಕ್ಕಷ್ಟೇ. ದೊಡ್ಡ ಜೀಪಿನ ಪಾಟಾ ಭಾರಕ್ಕೆ 50 ಮಿಲಿಮೀಟರ್ ಬಗ್ಗಿದರೆ, ಸಣ್ಣದು 5 ಬಗ್ಗಬೇಕು. ಬಗ್ಗೋದು ಅರ್ಧ ಮಿಲಿಮೀಟರ್. ಗೆಲಿಲಿಯೋ 1638ರಲ್ಲೇ ಬರೆದಿಟ್ಟ ಸಂಗತಿ ಇದು: ಆಕಾರ ಬದಲಾದಂಗೆ ಬಲವೂ ತೂಕವೂ ಒಂದೇ ಲೆಕ್ಕದಲ್ಲಿ ಬದಲಾಗಲ್ಲ. ಅದಕ್ಕೇ ಪಟ್ಟಿಯ ದಪ್ಪವನ್ನ ಮಾತ್ರ ಅಳತೆಗಿಂತ ಅರ್ಧಕ್ಕೂ ಸ್ವಲ್ಪ ಕಡಿಮೆ ಇಟ್ಟೆ. ಗಡಸುತನ ದಪ್ಪದ ಘನಕ್ಕೆ ತಕ್ಕಂತೆ ಇಳಿಯೋದರಿಂದ ಲೆಕ್ಕ ಸರಿಹೋಯಿತು.

ಮಾದರಿ ಓಡಿಸಿದ್ದು ನಮ್ಮ ಹೊಲದ ಬದುವಿನಲ್ಲಿ. ಎರಿ ಭೂಮಿ ಎಂಥದ್ದು ಅಂತ ಧಾರವಾಡದವರಿಗೆ ಹೇಳಬೇಕಿಲ್ಲ. ಒಣಗಿದರೆ ಕೈ ತೂರುವಷ್ಟು ಬಿರುಕು, ನೆಂದರೆ ಚಪ್ಪಲಿಯನ್ನೂ ಬಿಡಲ್ಲ. ಮಣ್ಣು ಅಂಟೋದು ಮೇಲ್ಮೈಗೆ, ಅದು ನೂರರಲ್ಲಿ ಒಂದಾಗಿದ್ದರೂ ತೂಕ ಸಾವಿರದಲ್ಲಿ ಒಂದಾಗಿರೋದರಿಂದ ಸಣ್ಣ ಗಾಡಿಗೆ ಎರಿ ಕೆಸರು ಹತ್ತು ಪಟ್ಟು ಜಿಗುಟು. ಆದರೂ ಗೇರು ಇಳಿಸಿ ನಿಧಾನಕ್ಕೆ ನಡೆಸಿದರೆ ದಾಟಿತು. ನಿಂತದ್ದು ಒಂದು ಸಣ್ಣ ಕಾಲುವೆಯಲ್ಲಿ. ಮುಂದಿನ ಚಕ್ರ ಆ ಕಡೆ ಹತ್ತಿತು, ಹಿಂದೆ ಬೆಳೆಸಿದ್ದ ಎರಡು ಅಡಿ ಬಾಲ ನೆಲಕ್ಕೆ ಕಚ್ಚಿ ಹಿಡಿಯಿತು. ಆ ಭಾಗ ಬಿಚ್ಚಿಟ್ಟು ಓಡಿಸಿದೆ, ಸಲೀಸಾಗಿ ಹತ್ತಿತು. ಜೀಪಿನ ಹಿಂಭಾಗ ಗಿಡ್ಡ ಇದ್ದದ್ದರ ಉಪಯೋಗ ಕಣ್ಣೆದುರಿಗೇ ಇತ್ತು. ಹಂಗಿದ್ದರೆ ಹಳ್ಳ ದಾಟಬೇಕಾದ ಊರಿನವರೇ ಯಾಕೆ ಅದನ್ನ ಕೆಡಿಸಿದರು?

ಕಾಕಾನ ಕೇಳಿದೆ. "ಮಂದಿ ಕುಂದ್ರಸಾಕ ಅಲ್ಲೋ. ಮಲಗಸಾಕ," ಅಂದರು. ಮೂಲ ಜೀಪಿನ ಹಿಂದೆ ಇದ್ದದ್ದು ಮೂರು ಅಡಿ ಜಾಗ, ಮನುಷ್ಯ ಮಲಗೋಕೆ ಬರಲ್ಲ. ಎರಡು ಅಡಿ ಬೆಳೆಸಿದರೆ ಐದು ಅಡಿಯ ಬೆಂಚು ಆಗುತ್ತೆ, ಕಾಲು ಸ್ವಲ್ಪ ಮಡಚಿದರೆ ಸಾಕು. 108 ಅಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅದಕ್ಕೂ ಮುಂಚೆ ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಆಗ ಕಿಮ್ಸ್ ಅನ್ನಿಸಿಕೊಂಡಿದ್ದರೂ ಜನ ಕೆಎಂಸಿ ಅಂತಲೇ ಕರೆಯುತ್ತಿದ್ದ ಹುಬ್ಬಳ್ಳಿಯ ಆಸ್ಪತ್ರೆಯವರೆಗೆ ಒಯ್ಯುತ್ತಿದ್ದದ್ದು ಈ ಜೀಪು. "ದವಾಖಾನಿ ಮುಟ್ಟೂದ್ರೊಳಗ ಎರಡು ಕೂಸು ಇದರಾಗನ ಹುಟ್ಯಾವು. ಹಳ್ಳದಾಗ ಹಿಂದ ಬಡೀತಿತ್ತು, ಒಳಗಿದ್ದವರು ಚೀರ್ತಿದ್ರು. ಅದಕ್ಕ ಎರಡು ಪಾಟಾ ಹೆಚ್ಚ ಹಾಕಿಸಿ ಹಿಂದ ಎತ್ತರ ಮಾಡ್ಸಿದ್ವಿ."

ನನ್ನ ನೋಟ್‌ಬುಕ್ಕಿನ ಎರಡು ಅಳತೆಗೂ ಅರ್ಥ ಸಿಕ್ಕಿದ್ದು ಆಗ. ಸೈನ್ಯದ ಎಂಜಿನಿಯರುಗಳಿಗೆ ಗಾಡಿ ಎಲ್ಲಿ ಬೇಕಾದರೂ ಹತ್ತಬೇಕಿತ್ತು. ನಮ್ಮೂರಿಗೆ ಒಬ್ಬ ಬಾಣಂತಿ ಮಲಗಬೇಕಿತ್ತು, ಅದಕ್ಕೆ ಕೊಟ್ಟ ಬೆಲೆ ಹಳ್ಳದ ದಂಡೆಯಲ್ಲಿ ನೆಲ ಕಚ್ಚುವ ಬಾಲ. ಆ ಬೆಲೆಯನ್ನ ಎರಡು ಪಾಟಾ ಹಾಕಿ ಅಷ್ಟಿಷ್ಟು ಇಳಿಸಿಕೊಂಡರು. ಬಾರ್ನಿ ರೂಸ್ ಬೋಲ್ಟಿನ ತುದಿ ಕತ್ತರಿಸಿದ್ದು ಎಂಜಿನಿಯರಿಂಗ್ ಆದರೆ, ನಮ್ಮ ವೆಲ್ಡಿಂಗ್ ಅಂಗಡಿಯವ ಮಾಡಿದ್ದೂ ಎಂಜಿನಿಯರಿಂಗೇ. ಬಿಇ ಓದಿದ ನಾನು ಅದನ್ನ ಯಾವ ಸೆಮಿಸ್ಟರಿನಲ್ಲೂ ಓದಿಲ್ಲ.

ತೂಗುವ ಗಿರಾಕಿ ಹೇಳಿದ ವಾರವೇ ಬಂದಿದ್ದ. ಮಾದರಿ ತಯಾರಾಗುವ ಹೊತ್ತಿಗೆ ಬೇವಿನ ಗಿಡದ ಕೆಳಗೆ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ನಿಮ್ಮೂರಲ್ಲೂ ಇಂಥದ್ದೊಂದು ನಿಂತಿರಬಹುದು, ಜೀಪು ಇರಬಹುದು, ಗಾಣ ಇರಬಹುದು, ಯಾರೋ ಕೈಯಾರೆ ತಿದ್ದಿಕೊಂಡ ರಾಶಿ ಮಷೀನು ಇರಬಹುದು. ಮಾದರಿ ಕಟ್ಟಲೇಬೇಕು ಅಂತೇನಿಲ್ಲ. ಒಂದು ಟೇಪು, ಒಂದು ನೋಟ್‌ಬುಕ್ಕು, ಎರಡು ದಿನ ಸಾಕು. ಎಲ್ಲಿ ಅಳತೆ ಕಂಪನಿಯ ಅಳತೆಗೆ ಕೂಡೋದಿಲ್ಲವೋ ಅಲ್ಲಿ ನಿಂತು, ಇದು ಯಾಕೆ ಹಿಂಗೆ ಅಂತ ಮನೆಯ ಹಿರಿಯರನ್ನ ಕೇಳಿ. ಅವರೂ ಇರುವಾಗಲೇ ಕೇಳಿ.