ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳ ಹಬ್ಬ

ಆಗಸ್ಟ್ 4 ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಗುರುಗಳ ಪಾಲಕ ಸಂತ ಜಾನ್ ಮರಿಯ ವಿಯಾನಿಯವರ ಹಬ್ಬ. ಅದೇ ದಿನ ಸಮುದ್ರದಾಚೆಯ ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಮಕ್ಕಳ ದಿನ. 1988ರಿಂದ ನಡೆದುಬಂದಿರುವ ಈ ಆಚರಣೆಗೆ ಆಗಸ್ಟ್ 4ನ್ನೇ ಆರಿಸಿದ್ದೇಕೆ ಎಂದು ತಿಳಿದಾಗ ಮನಸ್ಸು ಭಾರವಾಗುತ್ತದೆ. ತಂದೆತಾಯಿಯರಿಂದ ಬೇರ್ಪಡಿಸಿ ಆಶ್ರಮಗಳಲ್ಲಿ ಬೆಳೆಸಿದ ಅನೇಕ ಮಕ್ಕಳಿಗೆ ತಾವು ಹುಟ್ಟಿದ ದಿನವೇ ಗೊತ್ತಿರಲಿಲ್ಲ. ಅಂಥವರಿಗೆಲ್ಲ ಒಟ್ಟಾಗಿ ಹುಟ್ಟುಹಬ್ಬ ಮಾಡಲು ಇಟ್ಟುಕೊಂಡಿದ್ದ ದಿನವಿದು.

ಈ ಮಕ್ಕಳು ಅನಾಥರಾಗಿರಲಿಲ್ಲ ಎಂಬುದನ್ನು ಮೊದಲು ನೆನಪಿಡೋಣ. ಅವರಿಗೆ ತಾಯಿ ಇದ್ದಳು, ಅಜ್ಜಿ ಇದ್ದಳು, ಬಂಧುಬಳಗ ತುಂಬಿತ್ತು. ಅವರನ್ನು ಕೊಂಡೊಯ್ದದ್ದು ಕಾನೂನು. ಪಶ್ಚಿಮ ಆಸ್ಟ್ರೇಲಿಯಾದ 1905ರ ಕಾಯಿದೆಯ ಪ್ರಕಾರ 16 ವರ್ಷದೊಳಗಿನ ಪ್ರತಿಯೊಂದು ಮೂಲನಿವಾಸಿ ಮಗುವಿಗೂ ಮುಖ್ಯ ಸಂರಕ್ಷಕನೆಂಬ ಸರಕಾರಿ ಅಧಿಕಾರಿಯೇ ಪೋಷಕ; ಹೆತ್ತವರ ಹಕ್ಕು ಅವನ ನಂತರ. ನ್ಯೂ ಸೌತ್ ವೇಲ್ಸ್‌ನಲ್ಲಿ 1909ರ ಕಾಯಿದೆಗೆ 1915ರಲ್ಲಿ ತಿದ್ದುಪಡಿ ತಂದು, ನ್ಯಾಯಾಲಯದ ಮುಂದೆ ಹೋಗದೆಯೇ ಮಗುವನ್ನು ಒಯ್ಯುವ ಅಧಿಕಾರವನ್ನು ಮಂಡಳಿಗೆ ಕೊಟ್ಟರು. ಹೆಸರು ಮಾತ್ರ ‘ಸಂರಕ್ಷಣೆ’.

1917ರಲ್ಲಿ ಆ ರಾಜ್ಯದ ಮೂನಕುಲ್ಲಾ ಎಂಬ ವಸತಿಯ ಶಾಲೆಗೆ ಪೊಲೀಸರು ಕಾರು ತಂದರು. 13 ವರ್ಷದ ಮಾರ್ಗರೆಟ್ ಮತ್ತು ಅವಳ ತಂಗಿ ಮೇ ಇಬ್ಬರನ್ನೂ ತಾಯಿಯ ಅಳುವಿಗೆ ಕಿವಿಗೊಡದೆ ಕೂಟಮಂಡ್ರದ ಬಾಲಕಿಯರ ನಿಲಯಕ್ಕೆ ಒಯ್ದರು. ಅಲ್ಲಿ ಕೊಡುತ್ತಿದ್ದುದು ಮನೆಗೆಲಸದ ತರಬೇತಿ. ಅನಂತರ ಸಿಡ್ನಿಯ ಬಿಳಿಯರ ಮನೆಗಳಲ್ಲಿ ಚಾಕರಿ. ಮುಂದೆ ಮಾರ್ಗರೆಟ್ ಟಕರ್ ಎಂದು ಹೆಸರಾದ ಈ ಹೆಣ್ಣುಮಗಳು ತನ್ನ ಜನರ ಹಕ್ಕುಗಳಿಗಾಗಿ ಹೋರಾಡಿ, 1964ರಲ್ಲಿ ವಿಕ್ಟೋರಿಯಾ ರಾಜ್ಯದ ಮೂಲನಿವಾಸಿ ಕಲ್ಯಾಣ ಮಂಡಳಿಯ ಸದಸ್ಯೆಯೇ ಆದರು. ಅವರ ಮಗಳು ಮಾಲಿ ಡಯರ್ ಅವರ ಬಗ್ಗೆ ಮುಂದೆ ಹೇಳುತ್ತೇನೆ.

ಪ್ರಿಯ ಓದುಗರೇ, ಈ ಚರಿತ್ರೆಯಲ್ಲಿ ನಮ್ಮ ಧರ್ಮಸಭೆಯೂ ಹೊರಗೆ ನಿಂತಿರಲಿಲ್ಲ. ಮೆಲ್ವಿಲ್ ದ್ವೀಪದ ಗಾರ್ಡನ್ ಪಾಯಿಂಟ್‌ನಲ್ಲಿ 1941ರಿಂದ ನಮ್ಮ ಗುರುಗಳೂ ಧರ್ಮಭಗಿನಿಯರೂ ಹೀಗೆ ತಂದ ಮಕ್ಕಳನ್ನು ಸಾಕಿದರು. ಇತರ ಸಭೆಗಳೂ ಇದನ್ನೇ ಮಾಡಿದವು. ಅವರಲ್ಲಿ ಅನೇಕರು ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಂಬಿದ್ದರು. ನನ್ನನ್ನು ಹೆಚ್ಚು ಕಾಡುವುದೂ ಅದೇ. 1997ರ ಮೇ 26ರಂದು ಆಸ್ಟ್ರೇಲಿಯಾದ ಸಂಸತ್ತಿನ ಮುಂದಿಟ್ಟ ವಿಚಾರಣಾ ವರದಿಯು 1910ರಿಂದ 1970ರವರೆಗೆ ಮೂಲನಿವಾಸಿ ಮಕ್ಕಳಲ್ಲಿ ಹತ್ತಕ್ಕೊಬ್ಬರಿಂದ ಮೂವರಿಗೊಬ್ಬರವರೆಗೆ ಬಲವಂತವಾಗಿ ಬೇರ್ಪಟ್ಟರೆಂದು ಅಂದಾಜು ಮಾಡಿತು. ಆ ವಿಚಾರಣೆಯನ್ನು ಮಿಕ್ ಡಾಡ್ಸನ್ ಅವರೊಡನೆ ನಡೆಸಿದ ನ್ಯಾಯಮೂರ್ತಿ ರೊನಾಲ್ಡ್ ವಿಲ್ಸನ್ ಹಿಂದೆ ತಮ್ಮ ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರಾಗಿದ್ದವರು. ತಮ್ಮ ಸಭೆ ಅಂಥದೇ ಒಂದು ನಿಲಯವನ್ನು ನಡೆಸುತ್ತಿದ್ದಾಗ ತಾವು ಹೆಮ್ಮೆಪಟ್ಟಿದ್ದೆವೆಂದೂ, ಒಳಗೆ ಮಕ್ಕಳು ಪಟ್ಟ ಪಾಡು ವಿಚಾರಣೆಯ ವೇಳೆಯಲ್ಲಿ ತಿಳಿಯಿತೆಂದೂ ಅವರು ಬಹಿರಂಗವಾಗಿಯೇ ಹೇಳಿದರು. 2001ರ ನವೆಂಬರ್‌ನಲ್ಲಿ ಹೊರಬಂದ ಪೋಪ್ ಎರಡನೇ ಜಾನ್ ಪಾಲ್‌ರವರ ಓಶಿಯಾನಿಯಾ ಕುರಿತ ಪ್ರೇಷಿತ ಪತ್ರವು ಮಕ್ಕಳನ್ನು ಕುಟುಂಬದಿಂದ ಅಗಲಿಸಿದ್ದರಲ್ಲಿ ಧರ್ಮಸಭೆಯವರ ಪಾತ್ರಕ್ಕಾಗಿ ಕ್ಷಮೆ ಬೇಡಿತು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು.

ಇನ್ನು ಮಾಲಿ ಡಯರ್ ಅವರ ವಿಷಯ. ತನ್ನ ಮಕ್ಕಳ ಜೊತೆಗೆ ಪರರ ಎಷ್ಟೋ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕಿದಾಕೆ ಇವರು. ಮೆಲ್ಬರ್ನ್‌ನ ಮೂಲನಿವಾಸಿ ಕಾನೂನು ನೆರವು ಸೇವೆಯಲ್ಲಿ ಕೆಲಸ ಮಾಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಅಪರಾಧದ ಮೊಕದ್ದಮೆಗಳಲ್ಲಿ ಸಿಕ್ಕಿ ಬರುವ ಯುವಕರಲ್ಲಿ ಬಹಳಷ್ಟು ಮಂದಿ ಚಿಕ್ಕಂದಿನಲ್ಲಿ ಬಿಳಿಯರ ಮನೆಗೋ ನಿಲಯಕ್ಕೋ ಕೊಡಲ್ಪಟ್ಟವರು. (1991ರಲ್ಲಿ ರಾಷ್ಟ್ರೀಯ ಆಯೋಗವೊಂದು ಬಂಧನದಲ್ಲಿ ಸತ್ತ 99 ಮೂಲನಿವಾಸಿಗಳ ಪ್ರಕರಣ ಪರಿಶೀಲಿಸಿದಾಗ, 43 ಮಂದಿ ಬಾಲ್ಯದಲ್ಲೇ ಮನೆಯಿಂದ ಬೇರ್ಪಟ್ಟವರೆಂದು ಕಂಡುಬಂತು.) ಅಮೆರಿಕದ ಯಾಕಿಮಾ ಬುಡಕಟ್ಟಿನವರು ತಮ್ಮ ಮಕ್ಕಳ ಪಾಲನೆಯನ್ನು ತಾವೇ ನೋಡಿಕೊಳ್ಳುವ ಬಗೆಯನ್ನು ಮಾಲಿ ಹೋಗಿ ಕಂಡುಬಂದರು. 1970ರ ದಶಕದ ಕೊನೆಯ ಭಾಗದಲ್ಲಿ ಅವರ ನೇತೃತ್ವದಲ್ಲಿ ವಿಕ್ಟೋರಿಯಾದ ಮೂಲನಿವಾಸಿ ಮಕ್ಕಳ ಪಾಲನಾ ಸಂಸ್ಥೆ ಹುಟ್ಟಿತು. ತಾಯಿಯನ್ನು ಒಯ್ದ ಕಾರಿಗೆ ಮಗಳು ಕೊಟ್ಟ ಉತ್ತರವೆನ್ನೋಣ. ಮಗುವಿಗೆ ಆಸರೆ ಬೇಕಾದರೆ ಮೊದಲು ಬಂಧುಗಳಲ್ಲಿ, ಇಲ್ಲವಾದರೆ ಅದೇ ಸಮುದಾಯದಲ್ಲಿ, ಅಲ್ಲೂ ಇಲ್ಲವಾದರೆ ಬೇರೆ ಮೂಲನಿವಾಸಿ ಕುಟುಂಬದಲ್ಲಿ ಹುಡುಕಬೇಕು ಎಂಬ ತತ್ವ 1983ರಲ್ಲಿ ಉತ್ತರ ಪ್ರಾಂತ್ಯದ ಕಾನೂನಿಗೆ ಸೇರಿ, ಕ್ರಮೇಣ ಎಲ್ಲ ರಾಜ್ಯಗಳಿಗೂ ಬಂತು.

ಬಂಧುಗಳೆಂದರೆ ಯಾರು? ಇಲ್ಲಿ ಕನ್ನಡಿಗರಾದ ನಮಗೆ ಬಿಳಿಯ ಅಧಿಕಾರಿಗಿಂತ ಬೇಗ ಅರ್ಥವಾಗುವ ಮಾತೊಂದಿದೆ. ಇಂಗ್ಲಿಷಿನಲ್ಲಿ ತಾಯಿಯ ಅಕ್ಕತಂಗಿಯರೂ ತಂದೆಯ ಅಕ್ಕತಂಗಿಯರೂ ಎಲ್ಲರೂ ‘ಆಂಟಿ’. ನಮ್ಮಲ್ಲಿ ತಾಯಿಯ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ, ಅವರೂ ಅಮ್ಮಂದಿರೇ. ತಂದೆಯ ತಂಗಿ ಮಾತ್ರ ಅತ್ತೆ. ಮೂಲನಿವಾಸಿಗಳ ಅನೇಕ ಸಮುದಾಯಗಳಲ್ಲೂ ಹೀಗೆಯೇ ತಾಯಿಯ ಸೋದರಿಯರೆಲ್ಲ ತಾಯಂದಿರು, ತಂದೆಯ ಸೋದರರೆಲ್ಲ ತಂದೆಯರು. ಮಗು ಕೆಲವು ತಿಂಗಳು ಚಿಕ್ಕಮ್ಮನ ಮನೆಯಲ್ಲಿದ್ದರೆ ಅದು ತನ್ನ ಮನೆಯಲ್ಲೇ ಇದ್ದ ಹಾಗೆ. ಇದನ್ನರಿಯದ ಕಲ್ಯಾಣಾಧಿಕಾರಿ ‘ತಾಯಿ ಮಗುವನ್ನು ತೊರೆದಿದ್ದಾಳೆ’ ಎಂದು ಕಡತದಲ್ಲಿ ಬರೆದರೆ ಆ ಒಂದು ಸಾಲಿನಿಂದ ಸಂಸಾರವೇ ಒಡೆಯಬಹುದು.

ಹಿರಿಯರ ಮುಂದೆ ತಲೆತಗ್ಗಿಸುವುದು ಅಲ್ಲಿ ಅನೇಕ ಕಡೆ ಗೌರವ. ಅರಿಯದ ಕಣ್ಣಿಗೆ ಅದೇ ಕಳ್ಳತನ. ಅಧಿಕಾರಿ ಕೇಳಿದ ಪ್ರಶ್ನೆಗೆಲ್ಲ ‘ಹೌದು’ ಎಂದು ತಲೆಯಾಡಿಸುವುದು ಒಪ್ಪಿಗೆಯಲ್ಲ, ಅಂಜಿಕೆ. ತಾಲ್ಲೂಕು ಕಚೇರಿಯಲ್ಲಿ ‘ಹೂಂ ಸ್ವಾಮಿ’ ಎಂದು ಹೆಬ್ಬೆಟ್ಟೊತ್ತಿ ಬಂದ ಅಜ್ಜಂದಿರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಸಾಂಸ್ಕೃತಿಕ ಸುರಕ್ಷತೆ’ ಎಂಬ ಮಾತು ಹುಟ್ಟಿದ್ದು ನೆರೆಯ ನ್ಯೂಜಿಲೆಂಡಿನಲ್ಲಿ, 1980ರ ದಶಕದ ಕೊನೆಗೆ. ಅದನ್ನು ಬೆಳೆಸಿದವರು ಇರಿಹಾಪೇಟಿ ರಾಮ್ಸ್‌ಡೆನ್ ಎಂಬ ಮಾವೊರಿ ದಾದಿ. ಅವರ ವಾದದ ತಿರುಳು ಇಷ್ಟು: ಸೇವೆ ಸುರಕ್ಷಿತವೋ ಅಲ್ಲವೋ ಎಂದು ತೀರ್ಮಾನಿಸಬೇಕಾದವರು ಅದನ್ನು ಪಡೆಯುವವರು, ಕೊಡುವವರಲ್ಲ. ಸೇವೆ ಮಾಡುವವರು ಪರರ ಆಚಾರಗಳನ್ನು ಕಂಠಪಾಠ ಮಾಡಿದರೆ ಸಾಲದು. ತಮ್ಮ ಕೈಯಲ್ಲಿರುವ ಅಧಿಕಾರವನ್ನು ಮೊದಲು ನೋಡಿಕೊಳ್ಳಬೇಕು. ಕೂಟಮಂಡ್ರವನ್ನೂ ಗಾರ್ಡನ್ ಪಾಯಿಂಟನ್ನೂ ಈ ಅಳತೆಯಿಂದ ಯಾರೂ ಅಳೆದಿರಲಿಲ್ಲ. ಮಕ್ಕಳನ್ನು ಕೇಳಿದವರಿಲ್ಲ, ತಾಯಂದಿರನ್ನು ಕೇಳಿದವರಿಲ್ಲ.

ಹಾಗೆಂದು ಕಥೆ ಮುಗಿಯಿತೇ? ಇಲ್ಲ. ಆಸ್ಟ್ರೇಲಿಯಾದ ಮಕ್ಕಳಲ್ಲಿ ಮೂಲನಿವಾಸಿಗಳು ನೂರಕ್ಕೆ ಸುಮಾರು ಆರು ಮಂದಿ. ಮನೆಯಿಂದ ಹೊರಗೆ ಸರಕಾರದ ಪಾಲನೆಯಲ್ಲಿರುವ ಮಕ್ಕಳಲ್ಲಿ ಅವರು ನೂರಕ್ಕೆ 40ಕ್ಕೂ ಹೆಚ್ಚು. 2031ರೊಳಗೆ ಈ ಪ್ರಮಾಣವನ್ನು ಶೇಕಡಾ 45ರಷ್ಟು ಇಳಿಸುವ ಗುರಿಯನ್ನು 2020ರ ರಾಷ್ಟ್ರೀಯ ಒಪ್ಪಂದ ಹಾಕಿಕೊಂಡಿದೆ. ಅಪಾಯದಲ್ಲಿರುವ ಮಗುವನ್ನು ಹಾಗೇ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಮಗುವಿಗೆ ಏಟು ಬೀಳುತ್ತಿದ್ದರೆ, ಕುಡಿತ ಮನೆ ಹಾಳುಮಾಡುತ್ತಿದ್ದರೆ ನಡುವೆ ಹೋಗಲೇಬೇಕು. ಆದರೆ ಮನೆ ಬಾಡಿಗೆ ಕಟ್ಟಲಾಗದ್ದಕ್ಕೆ ಮದ್ದು ಬಾಡಿಗೆಗೆ ನೆರವು, ಮಗುವನ್ನು ಒಯ್ಯುವುದಲ್ಲ.

ಡೇಲಿ ನದಿಯ ದಂಡೆಯ ನಮ್ಮ ಕಥೋಲಿಕ ಸಮುದಾಯದಿಂದ ಬಂದ ಹಿರಿಯ ಶಿಕ್ಷಕಿ ಮಿರಿಯಮ್ ರೋಸ್ ಉಂಗುನ್ಮೆರ್ 1988ರಲ್ಲಿ ತಮ್ಮ ಭಾಷೆಯ ‘ದದಿರ್ರಿ’ ಎಂಬ ಪದವನ್ನು ಜಗತ್ತಿಗೆ ಪರಿಚಯಿಸಿದರು. ಮೌನವಾಗಿ ಕುಳಿತು, ಆತುರಪಡದೆ, ಆಳವಾಗಿ ಆಲಿಸುವುದು ಎಂದು ಅದರ ಅರ್ಥ. ಇಂದು ಆ ದೇಶದ ಕುಟುಂಬ ಸೇವೆಯವರು ಈ ಪದವನ್ನು ಕಲಿಯುತ್ತಾರೆ.

ವಿಕ್ಟೋರಿಯಾದಲ್ಲಿ ಈಗ ಮಗುವಿನ ಭವಿಷ್ಯ ನಿರ್ಧರಿಸಲು ಕುಟುಂಬವೇ ಮುನ್ನಡೆಸುವ ಸಭೆಗಳು ನಡೆಯುತ್ತವೆ. ಹಿರಿಯರು ಬರುತ್ತಾರೆ, ದೊಡ್ಡಮ್ಮ ಚಿಕ್ಕಮ್ಮಂದಿರು ಬರುತ್ತಾರೆ. ಅಧಿಕಾರಿಗಳು ತಮ್ಮ ಆತಂಕವೇನೆಂದು ಮರೆಮಾಚದೆ ಹೇಳುತ್ತಾರೆ. ಆಮೇಲೆ ಕುಟುಂಬದವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲೆಂದು ಎದ್ದು ಹೋಗಿ, ಒಳಗಿನಿಂದ ಕರೆ ಬರುವವರೆಗೆ ಹೊರಗೆ ಕಾಯುತ್ತಾರೆ.