ಕೋಪಕ್ಕೆ ಸತ್ತವನ ಎದೆಯೊಳಗೆ ಏನಿತ್ತು?

"ಎದೆ ಒಡೆದು ಸತ್ತ" ಅಂತ ನಮ್ಮಲ್ಲೊಂದು ಮಾತಿದೆ. ದುಃಖವೋ, ಕೋಪವೋ, ಭಯವೋ ಮಿತಿಮೀರಿದರೆ ಗುಂಡಿಗೆ ತಡೆಯೋದಿಲ್ಲ ಅನ್ನೋದನ್ನ ನಮ್ಮ ಹಿರಿಯರಿಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿರಲಿಲ್ಲ. ಡಾಕ್ಟರುಗಳು ಇದನ್ನ ಒಪ್ಪಿಕೊಂಡಿದ್ದು, ಆಮೇಲೆ ಅತಿಯಾಗಿ ಒಪ್ಪಿಕೊಂಡಿದ್ದು ಒಂದು ಸ್ವಾರಸ್ಯದ ಕಥೆ. ಇವತ್ತು ಅದನ್ನೇ ಸ್ವಲ್ಪ ಕೊರೀತೀನಿ, ಸಹಿಸಿಕೊಳ್ಳಿ :)

ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಜಾನ್ ಹಂಟರ್ ಅಂದರೆ ದೊಡ್ಡ ಶಸ್ತ್ರವೈದ್ಯ. ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ ಇವನ ಶಿಷ್ಯ. ಹಂಟರ್ ಮಹಾ ಮುಂಗೋಪಿ. ಜೊತೆಗೆ 1773ರಿಂದ ಎದೆನೋವು ಬೇರೆ. ತನ್ನನ್ನು ಕೆಣಕಬೇಕೆಂದು ಹೊರಟ ಯಾವ ಪೋಕರಿಯ ಕೈಯಲ್ಲಾದರೂ ತನ್ನ ಪ್ರಾಣವಿದೆ ಅಂತ ಹೇಳಿಕೊಳ್ಳುತ್ತಿದ್ದನಂತೆ. ಆದದ್ದೂ ಹಾಗೇ. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ಯಾರೋ ಅವನ ಮಾತಿಗೆ ಎದುರಾಡಿದರು. ಹಂಟರ್ ಮಾತು ನಿಲ್ಲಿಸಿ ಪಕ್ಕದ ಕೋಣೆಗೆ ಹೋದ. ಅಲ್ಲೇ ಕುಸಿದು ಪ್ರಾಣ ಬಿಟ್ಟ.

ಕಥೆ ಇಲ್ಲಿಗೆ ಮುಗಿದಿದ್ದರೆ ಕೋಪವೇ ಅಪರಾಧಿ ಅನ್ನಬಹುದಿತ್ತು. ಆದರೆ ಶವಪರೀಕ್ಷೆಯಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳಗಳು ಮೂಳೆಯ ಹಾಗೆ ಗಟ್ಟಿಯಾಗಿದ್ದದ್ದು ಕಂಡಿತು. ಜೆನ್ನರ್ ಇದನ್ನು ವರ್ಷಗಳ ಹಿಂದೆಯೇ ಊಹಿಸಿದ್ದ. ಗುರುವಿಗೆ ಹೇಳಿ ನೋಯಿಸಲು ಮನಸ್ಸು ಬಾರದೆ ಸುಮ್ಮನಿದ್ದ.

ಈಗ 1959ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋಗೆ ಬನ್ನಿ. ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬ ಇಬ್ಬರು ಹೃದ್ರೋಗ ತಜ್ಞರು ಸದಾ ಅವಸರ, ಪೈಪೋಟಿ, ಸಿಡುಕು ಇರುವವರಿಗೆ ಹೃದ್ರೋಗ ಜಾಸ್ತಿ ಅಂತ ಬರೆದರು. ಅಂಥವರಿಗೆ 'ಟೈಪ್ ಎ' ಅಂತ ಹೆಸರಾಯಿತು. ಇವರ ಆಸ್ಪತ್ರೆಯ ಕುರ್ಚಿಗಳು ಮುಂದಿನ ಅಂಚಿನಲ್ಲೇ ಸವೆದಿದ್ದನ್ನು ರಿಪೇರಿಯವನು ಮೊದಲು ಗಮನಿಸಿದ ಅನ್ನೋ ಕಥೆಯೂ ಇದೆ. ಸುಮಾರು 3,000 ಗಂಡಸರ ಅಧ್ಯಯನ ನಡೆದು, ಟೈಪ್ ಎ ಆದವರಿಗೆ ಅಪಾಯ ದುಪ್ಪಟ್ಟು ಅಂತ 1975ರಲ್ಲಿ ಫಲಿತಾಂಶವೂ ಬಂತು. ಆದರೆ ಮುಂದೆ ಇದು ನಿಲ್ಲಲಿಲ್ಲ. 1988ರಲ್ಲಿ ಅದೇ ಗುಂಪಿನ ರೋಗಿಗಳನ್ನು ನೋಡಿದಾಗ ಟೈಪ್ ಎ ಜನರೇ ಹೆಚ್ಚು ಬದುಕಿದ್ದರು!

ಇದಕ್ಕಿಂತ ಬೇಸರದ ಸಂಗತಿ 2012ರಲ್ಲಿ ಬಂದ ಒಂದು ಲೇಖನದಲ್ಲಿತ್ತು. ಫಿಲಿಪ್ ಮಾರಿಸ್‌ನಂಥ ಸಿಗರೇಟು ಕಂಪನಿಗಳು ಟೈಪ್ ಎ ಸಂಶೋಧನೆಗೆ ವರ್ಷಗಟ್ಟಲೆ ಹಣ ಕೊಟ್ಟಿದ್ದವು. ಯಾಕೆ ಗೊತ್ತಲ್ಲ? ತಪ್ಪು ಮನುಷ್ಯನ ಸ್ವಭಾವದ್ದು ಅಂತಾದರೆ ಸಿಗರೇಟು ಬಚಾವ್!

ಇದನ್ನು ಓದಿದಾಗ ನನಗೆ ನಮ್ಮ ನೆಂಟರೊಬ್ಬರ ನೆನಪಾಯಿತು. ಹಾರ್ಟ್ ಅಟ್ಯಾಕ್ ಆಗಿ ಹೋದರು. ತಿಥಿಯ ಊಟಕ್ಕೆ ಬಂದವರೆಲ್ಲ "ಆ ಸಿಟ್ಟೇ ಅವನನ್ನು ತಿಂದುಹಾಕಿತು" ಅಂದರು. ದಿನಕ್ಕೆರಡು ಪ್ಯಾಕ್ ಸಿಗರೇಟಿನ ಮಾತು ಯಾರೂ ಎತ್ತಲಿಲ್ಲ.

ಹಾಗಂತ ಮನಸ್ಸಿಗೂ ಹೃದಯಕ್ಕೂ ಸಂಬಂಧವೇ ಇಲ್ಲವೆ? ಖಂಡಿತ ಇದೆ. 1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲೀಸ್ ಬಳಿಯ ನಾರ್ಥ್‌ರಿಜ್‌ನಲ್ಲಿ ಭೂಕಂಪವಾಯಿತು. ಹೃದ್ರೋಗದಿಂದ ದಿಢೀರನೆ ಸಾಯುವವರ ಸಂಖ್ಯೆ ಅಲ್ಲಿ ದಿನಕ್ಕೆ ಸರಾಸರಿ 4.6 ಇದ್ದದ್ದು ಆ ದಿನ 24ಕ್ಕೇರಿತು. ಕುತೂಹಲವೆಂದರೆ ಮುಂದಿನ ಆರು ದಿನ ಅದು 2.7ಕ್ಕೆ ಇಳಿಯಿತು. ಅಂದರೆ, ಇವತ್ತಲ್ಲ ನಾಳೆ ಹೋಗಬಹುದಾಗಿದ್ದ ದುರ್ಬಲ ಹೃದಯಗಳು ಆ ಭಯಕ್ಕೆ ಒಂದೇ ದಿನ ನಿಂತುಬಿಟ್ಟಂತಿದೆ. 2004ರಲ್ಲಿ ಪ್ರಕಟವಾದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನವೂ ಮನಸ್ಸಿನ ಒತ್ತಡವನ್ನು ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳಲ್ಲಿ ಸೇರಿಸಿತು. ಆ ಪಟ್ಟಿಯಲ್ಲಿ ಬೀಡಿ-ಸಿಗರೇಟು, ಕೊಬ್ಬು, ಬಿಪಿ, ಸಕ್ಕರೆ ಕಾಯಿಲೆಗಳೂ ಇವೆ.

ನನಗನ್ನಿಸೋದು ಇಷ್ಟೇ. ಕೋಪ ಬೆಂಕಿಕಡ್ಡಿ, ನಿಜ. ಆದರೆ ಒಳಗೆ ಮದ್ದು ತುಂಬಿದ್ದು ಯಾರು, ಯಾವಾಗ ಅಂತಲೂ ಕೇಳಬೇಕು. ಸತ್ತವರ ಸ್ವಭಾವದ ಮೇಲೆ ಎಲ್ಲ ಹೊರಿಸಿ ಕೈತೊಳೆದುಕೊಂಡರೆ, ಬದುಕಿರುವವರು ಬಿಪಿ ನೋಡಿಸಿಕೊಳ್ಳೋದೇ ಇಲ್ಲ. ನಿಮ್ಮ ಮನೆಯ ಮುಂಗೋಪಿಗೆ "ಸಿಟ್ಟು ಮಾಡ್ಕೋಬೇಡಿ" ಅಂತ ಹೇಳೋದು ಬೇಡ, ಅದಕ್ಕೂ ಸಿಟ್ಟಾಗ್ತಾರೆ :) ಸುಮ್ಮನೆ ಒಂದು ಸಲ ಡಾಕ್ಟರ ಹತ್ತಿರ ಕರಕೊಂಡು ಹೋಗಿ.