ಒತ್ತಕ್ಷರ ಮೂಡಿಸುವವರು ಯಾರು?

ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ನನ್ನ ಅಣ್ಣ ಕನ್ನಡದಲ್ಲಿ ಇ-ಮೇಲ್ ಬರೆದರೆ ಅದರೊಡನೆ ಒಂದು ಫಾಂಟ್ ಕಡತವನ್ನೂ ಕಳುಹಿಸಬೇಕಾಗುತ್ತಿತ್ತು. ಅದನ್ನು ಅಳವಡಿಸದಿದ್ದರೆ ಪತ್ರವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಇಂದು ಅವನ ಸಂದೇಶ ಟೊರಾಂಟೊದ ರೈಲಿನಲ್ಲಿ ಕುಳಿತ ನನ್ನ ಫೋನಿನಲ್ಲಿ ಒತ್ತು, ದೀರ್ಘ, ಅರ್ಕಾವೊತ್ತುಗಳ ಸಮೇತ ಮೂಡುತ್ತದೆ. ಇದು ತಾನಾಗಿಯೇ ಆದದ್ದಲ್ಲ.

1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಭಾರತೀಯ ಲಿಪಿಗಳ ವಿನ್ಯಾಸವನ್ನು ನಮ್ಮ ಇಸ್ಕಿ ಮಾನಕದಿಂದ ಪಡೆಯಲಾಯಿತು. ಆದರೆ ಯೂನಿಕೋಡ್ ಅಕ್ಷರಗಳಿಗೆ ಸಂಖ್ಯೆಗಳನ್ನು ಕೊಡುತ್ತದೆಯೇ ಹೊರತು ಅವುಗಳನ್ನು ಬರೆದು ತೋರಿಸುವುದಿಲ್ಲ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಗಣಕದ ಸ್ಮೃತಿಯಲ್ಲಿ ಸ, ವಿರಾಮ, ತ, ವಿರಾಮ, ರ, ಈಕಾರದ ಚಿಹ್ನೆ ಎಂಬ ಆರು ಸಂಕೇತಗಳು. ಇವನ್ನು ಒಂದರ ಕೆಳಗೊಂದು, ಪಕ್ಕಕ್ಕೊಂದು ಜೋಡಿಸುವ ತಂತ್ರಾಂಶ ಬೇರೆಯೇ ಬೇಕು. ‘ಸೂರ್ಯ’ದಲ್ಲಿ ರಕಾರ ಅರ್ಕಾವೊತ್ತಾಗಬೇಕು, ‘ರ‍್ಯಾಂಕ್’ನಲ್ಲಿ ಆಗಬಾರದು, ಈ ಭೇದವನ್ನು ತಿಳಿಸಲು ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಇಡಬೇಕಾಗುತ್ತದೆ.

ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಈ ಜೋಡಣೆಯ ಕೆಲಸ ಮಾಡುವುದು ಹಾರ್ಫ್‌ಬಝ್. ಹೆಸರು ಪಾರಸಿಯ ಎರಡು ಪದಗಳಿಂದ ಬಂದದ್ದು: ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದ. ಫ್ರೀಟೈಪ್ ಯೋಜನೆಯಿಂದ ಕವಲೊಡೆದ ಇದನ್ನು ಮುಖ್ಯವಾಗಿ ಬೆಳೆಸಿದವರು ಇರಾನ್ ಮೂಲದ ಬೆಹ್ದಾದ್ ಎಸ್ಫಹಬೋದ್. ಇದರ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಣ ಕೊಡದೆ ಬಳಸಬಹುದು.

ಹಾಗೆಂದು ಇದನ್ನು ಬರಿಯ ದಾನವೆಂದು ಭಾವಿಸುವುದು ಮುಗ್ಧತೆ. ಬೆಹ್ದಾದ್ ಮೊದಲು ರೆಡ್ ಹ್ಯಾಟ್‌ನಲ್ಲಿ, ಬಳಿಕ ಗೂಗಲ್‌ನಲ್ಲಿ ಉದ್ಯೋಗಿಯಾಗಿದ್ದರು. ಇಂಗ್ಲಿಷ್ ಬಾರದ ಕೋಟ್ಯಂತರ ಜನರ ಕೈಗೆ ಫೋನು ತಲುಪಿಸುವ ಕಂಪನಿಗೆ ಅವರ ಲಿಪಿ ಸರಿಯಾಗಿ ಮೂಡುವುದು ಲಾಭದ ವಿಷಯ. ಯೂನಿಕೋಡ್ ಒಕ್ಕೂಟದಲ್ಲಿಯೂ ಪೂರ್ಣ ಮತಾಧಿಕಾರವುಳ್ಳ ಸದಸ್ಯರಲ್ಲಿ ಹೆಚ್ಚಿನವರು ದೊಡ್ಡ ಕಂಪನಿಗಳೇ. ಹಣವಿದ್ದವರಿಗೆ ಅಗತ್ಯವೆನಿಸಿದಾಗ ನಮ್ಮ ಒತ್ತಕ್ಷರಕ್ಕೆ ಸಂಬಳ ಸಿಕ್ಕಿತು, ಅಷ್ಟೇ. ಆದರೆ ತೆರೆದ ಪರವಾನಗಿಯ ದೆಸೆಯಿಂದ ಆ ಫಲ ಕೊಟ್ಟವರ ಅಂಗಳದಲ್ಲಿಯೇ ಉಳಿಯಲಿಲ್ಲ. ಲಾಭದ ಗೊಡವೆಯಿಲ್ಲದ ಲಿಬ್ರೆಆಫೀಸ್‌ಗೂ ದಕ್ಕಿತು. ಈ ಭೇದವನ್ನು ನಾನು ಚಿಕ್ಕದೆಂದು ಎಣಿಸುವುದಿಲ್ಲ.

ಹಳಗನ್ನಡದ ‘ೞ’ದ ಗತಿ ಬೇರೆ. ಯೂನಿಕೋಡ್ ಕೋಷ್ಟಕದಲ್ಲಿ ಅದಕ್ಕೆ ತಪ್ಪಾಗಿ ‘ಫ’ ಎಂಬರ್ಥದ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಒಕ್ಕೂಟದ ನಿಯಮವಾದ್ದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯವಾಗಿ ಸೇರಿಸಿದ್ದಾರೆ. ಪಂಪನ ಕಾಲದ ಅಕ್ಷರವೊಂದು ಹೀಗೆ ಪರರ ಹೆಸರು ಹೊತ್ತು ಕುಳಿತಿದೆ.

ಅಣ್ಣನ ಹಳೆಯ ಪತ್ರಗಳು ಈಗಲೂ ನನ್ನಲ್ಲಿವೆ, ಆ ಫಾಂಟ್ ಇಲ್ಲ. ರಜೆಯ ದಿನಗಳಲ್ಲಿ ಕುಳಿತು, ಯಾವ ರೋಮನ್ ಅಕ್ಷರ ಯಾವ ಕನ್ನಡ ಅಕ್ಷರಕ್ಕೆ ನಿಂತಿತ್ತೆಂದು ಊಹಿಸುತ್ತ, ಒಂದೊಂದೇ ಪತ್ರವನ್ನು ಯೂನಿಕೋಡಿಗೆ ತರುತ್ತಿದ್ದೇನೆ. ಇದುವರೆಗೆ ಹನ್ನೊಂದು ಮುಗಿದಿವೆ.